ಹದಿನಾಲ್ಕು ಗೋಲುಗಳ ತಪ್ಪೊಪ್ಪಿಗೆ

ತೊಗಾವಾ ಮೇಡಂ ಮೇಜಿನ ಮೇಲಿಟ್ಟ ಕಾಗದದಲ್ಲಿ ನನ್ನ ಹೆಸರು ಹದಿನಾಲ್ಕು ಸಲ ಇತ್ತು. ಈ ವರ್ಷ ಹದಿನೆಂಟು ಪಂದ್ಯಗಳಲ್ಲಿ ನಮ್ಮ ತಂಡದ ಮೇಲೆ ಬಿದ್ದ ಗೋಲು ಇಪ್ಪತ್ತೆರಡು. ಅದರಲ್ಲಿ ಹದಿನಾಲ್ಕಕ್ಕೆ ಕಾರಣ ಇಸೊಬೆ ಚಿಹಾರು, ಅಂದರೆ ನಾನು. ಹಾಗೆಂದು ಬರೆಸಿದವರು ಯಾರು? ಅದೂ ನಾನೇ. ಪ್ರತಿ ಸೋಮವಾರ ಎಲ್ಲರೆದುರು ಎದ್ದು ನಿಂತು, ತಲೆ ಬಗ್ಗಿಸಿ, ಸ್ಪಷ್ಟವಾದ ದನಿಯಲ್ಲಿ ನಾನೇ ಹೇಳಿದ್ದು.

“ನಾನೇನೂ ಸೇರಿಸಿಲ್ಲ ಇಸೊಬೆ ಅವರೇ, ಎಲ್ಲಾ ನಿಮ್ಮ ಮಾತೇ,” ಎಂದರು ಮೇಡಂ. “ನಿಮಗೀಗ ಮೂವತ್ಮೂರು. ಒಂದೇ ವರ್ಷದಲ್ಲಿ ಹದಿನಾಲ್ಕು ಗೋಲಿಗೆ ಕಾರಣ ಆದ ಮಿಡ್‌ಫೀಲ್ಡರ್‌ಗೆ ಇನ್ನೊಂದು ವರ್ಷ ಕರಾರು ಕೊಡಿ ಅಂತ ಯಾವ ಮುಖ ಇಟ್ಕೊಂಡು ಆಡಳಿತ ಮಂಡಳಿಗೆ ಹೇಳ್ಲಿ?”

ಮೇಡಂ ಕೆಟ್ಟವರಲ್ಲ. ಹನ್ನೆರಡು ವರ್ಷ ಜರ್ಮನಿಯಲ್ಲಿ ಆಡಿ, ಆಡಿಸಿ, ಸೆಪ್ಟೆಂಬರಿನಲ್ಲಷ್ಟೇ ನಮ್ಮ ಕ್ಲಬ್ಬಿನ ಮುಖ್ಯಸ್ಥೆಯಾಗಿ ಬಂದವರು. ಮಾರ್ಚಿನಿಂದ ಆಡಿದ ಬಹುಪಾಲು ಪಂದ್ಯಗಳನ್ನು ಅವರು ಕಣ್ಣಾರೆ ಕಂಡಿರಲಿಲ್ಲ. ವೀಡಿಯೊ ನೋಡಿದ್ದರು, ನಿಜ. ಆದರೆ ನಮ್ಮದು ಎರಡನೇ ದರ್ಜೆಯ ಲೀಗು, ಮೈದಾನಕ್ಕೆ ಒಂದು ಕಂಬ, ಅದರ ಮೇಲೆ ಒಂದೇ ಕ್ಯಾಮೆರಾ. ಅದು ಚೆಂಡಿನ ಹಿಂದೆ ಓಡುತ್ತದೆಯೇ ಹೊರತು ಚೆಂಡಿಲ್ಲದವರು ಎಲ್ಲಿದ್ದರು ಎಂದು ತೋರಿಸುವುದಿಲ್ಲ. ಹಾಗಾಗಿ ಅವರು ಸೋಮವಾರದ ಸಭೆಯ ಪುಸ್ತಕ ತರಿಸಿ ಓದಿದ್ದರು. ಆ ಪುಸ್ತಕದಲ್ಲಿ ಬರೆದದ್ದನ್ನೆಲ್ಲ ನಂಬಿದ್ದರು.

ಆ ಹೊತ್ತಿಗೆ ನಾನು ಹೇಳಬೇಕಾಗಿದ್ದದ್ದು ಒಂದೇ ಮಾತು: ಇದರಲ್ಲಿ ಮೂರು ನನ್ನವು, ಹನ್ನೊಂದು ನನ್ನವಲ್ಲ. ಆದರೆ ಹದಿನೈದು ವರ್ಷದ ಅಭ್ಯಾಸ ನೋಡಿ, ಬಾಯಿ ತಾನಾಗಿ ತೆರೆದುಕೊಂಡಿತು. “ಕ್ಷಮಿಸಿ, ತಪ್ಪು ನನ್ನದೇ,” ಎಂದು ಸೊಂಟ ಬಗ್ಗಿಸಿ ವಂದಿಸಿ ಹೊರಗೆ ಬಂದುಬಿಟ್ಟೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಕದಿಯದ ಕುಂಬಳಕಾಯಿಯನ್ನು ಹೆಗಲ ಮೇಲೆ ಹೊತ್ತು ಮೆರವಣಿಗೆ ಹೋದವಳು. ಮೆಟ್ಟಿಲ ಹತ್ತಿರ ನಿಂತು ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸಿತು.

ಕರಾರು ಹೋದರೆ ನನ್ನ ಆಟ ಮುಗಿದ ಹಾಗೆ. ಮೂವತ್ಮೂರರ ಮಿಡ್‌ಫೀಲ್ಡರನ್ನು, ಅದೂ ಹೀಗೆ ಕಳಿಸಲ್ಪಟ್ಟವಳನ್ನು, ಬೇರೆ ಯಾವ ಕ್ಲಬ್ಬೂ ಕರೆಯುವುದಿಲ್ಲ. ಬೂಟು ಬಿಚ್ಚುವ ದಿನ ಬರುತ್ತದೆ ಎಂದು ನನಗೂ ಗೊತ್ತು. ಆದರೆ ಅದನ್ನು ನಾನೇ ಬಿಚ್ಚಬೇಕು. ಇನ್ನೊಬ್ಬರು ಎಳೆದು ಬಿಚ್ಚಿಸಿದರು ಅನ್ನಿಸಿಕೊಂಡು ಹೋಗಲು ನಾನು ತಯಾರಿರಲಿಲ್ಲ.

ಏಕೆಂದರೆ ನನ್ನ ಆಟದ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ನಾನು ಹುಟ್ಟಿದ್ದು ಒಳಸಮುದ್ರದ ಒಂದು ಪುಟ್ಟ ದ್ವೀಪದಲ್ಲಿ, ಅಪ್ಪನದು ಮೀನಿನ ದೋಣಿ. ಪ್ರಾಥಮಿಕ ಶಾಲೆಯ ಹುಡುಗರ ತಂಡದಲ್ಲಿ ಇದ್ದ ಒಬ್ಬಳೇ ಹುಡುಗಿ ನಾನು, ಅವರಿಗೆಲ್ಲ ಚೆಂಡು ಹಂಚುತ್ತಿದ್ದವಳೂ ನಾನೇ. ಮುಂದೆ ಹುಡುಗರ ಜೊತೆ ಆಡಲು ಬಿಡಲಿಲ್ಲ. ಆಗ ಮೂರು ವರ್ಷ ದಿನಾ ದೋಣಿ ಹತ್ತಿ ಆಚೆ ದಡದ ಹುಡುಗಿಯರ ತಂಡಕ್ಕೆ ಹೋದೆ. ಬಿರುಗಾಳಿಯಿಂದ ದೋಣಿ ನಿಂತ ದಿನ ಮನೆಯ ಗೋಡೆಗೆ ಚೆಂಡು ಒದ್ದು ಅಮ್ಮನಿಂದ ಬೈಸಿಕೊಂಡೆ. ಹದಿನೆಂಟಕ್ಕೆ ಮೇಲಿನ ದರ್ಜೆಯ ಲೀಗು ಸೇರಿ ಹನ್ನೊಂದು ವರ್ಷ ಆಡಿದೆ. ದೇಶದ ತಂಡದ ಅಂಗಿ ಎರಡು ಸಲ ಹಾಕಿದೆ. ಮೊಣಕಾಲು ಒಮ್ಮೆ ಹರಿಯಿತು, ಹೊಲಿಸಿಕೊಂಡೆ. ನಾಲ್ಕು ವರ್ಷದ ಹಿಂದೆ ಈ ಮಾರುಗಾಮೆ ಊರಿನ ಕ್ಲಬ್ಬಿಗೆ ಬಂದೆ, ಅಂದಿನಿಂದ ಇಲ್ಲಿ ಕ್ಯಾಪ್ಟನ್.

ಗೋಲು ಹೊಡೆದವಳ ಚಿತ್ರ ಪತ್ರಿಕೆಯಲ್ಲಿ ಬರುತ್ತದೆ, ತಡೆದವಳಿಗೆ ಜನ ಚಪ್ಪಾಳೆ ತಟ್ಟುತ್ತಾರೆ. ನಡುವೆ ಆಡುವವಳಿಗೆ ಸಿಗುವುದು ಬೆವರು. ಆದರೆ ಚೆಂಡು ನನ್ನ ಕಾಲಿಗೆ ಬರುವ ಮೊದಲು ನಾನು ಎರಡು ಸಲ ಹೆಗಲ ಮೇಲಿಂದ ಹಿಂದೆ ನೋಡಿರುತ್ತೇನೆ. ಮೈದಾನದಲ್ಲಿರುವ ಇಪ್ಪತ್ತೆರಡು ಜನರಲ್ಲಿ ಯಾರು ಎಲ್ಲಿದ್ದಾರೆ, ಯಾರು ಸುಸ್ತಾಗಿದ್ದಾರೆ, ಯಾರಿಗೆ ಎಡಗಾಲು ಬರುವುದಿಲ್ಲ, ಅದೆಲ್ಲ ನನ್ನ ತಲೆಯಲ್ಲಿ ಇರುತ್ತದೆ. ಇಡೀ ಲೀಗಿನಲ್ಲಿ ಇದನ್ನು ನನಗಿಂತ ಚೆನ್ನಾಗಿ ಮಾಡುವವರು ಇಬ್ಬರಿರಬಹುದು. ಮೂರನೆಯವಳನ್ನು ನಾನು ಕಂಡಿಲ್ಲ.

ಈಗ ಆ ಸೋಮವಾರದ ಸಭೆಯ ವಿಷಯ. ನಮ್ಮ ಕ್ಲಬ್ಬು ಒಂದು ಉದೊನ್ ಶ್ಯಾವಿಗೆ ಕಾರ್ಖಾನೆಯದು. ಇಪ್ಪತ್ತಮೂರು ಆಟಗಾರ್ತಿಯರಲ್ಲಿ ವೃತ್ತಿ ಕರಾರು ಇರುವುದು ನನ್ನನ್ನೂ ಸೇರಿ ಮೂವರಿಗೆ. ಉಳಿದವರು ಬೆಳಗ್ಗೆಯಿಂದ ಎರಡು ಗಂಟೆಯವರೆಗೆ ಅಲ್ಲೇ ಹಿಟ್ಟು ತುಳಿದು ನಾದಿ, ಪೊಟ್ಟಣ ಕಟ್ಟಿ, ಆಮೇಲೆ ಅಭ್ಯಾಸಕ್ಕೆ ಬರುತ್ತಾರೆ. ಪಂದ್ಯ ಭಾನುವಾರ. ಮರುದಿನ ನಾಲ್ಕು ಗಂಟೆಗೆ ಕಾರ್ಖಾನೆಯ ಊಟದ ಕೋಣೆಯಲ್ಲಿ ಎಲ್ಲರೂ ಸೇರುತ್ತೇವೆ. ಒಬ್ಬೊಬ್ಬರೇ ಎದ್ದು ನಿಂತು ತಮ್ಮ ತಪ್ಪು ತಾವು ಹೇಳುತ್ತಾರೆ. ಇನ್ನೊಬ್ಬರ ತಪ್ಪು ಹೇಳುವ ಹಾಗಿಲ್ಲ. ಗೆದ್ದರೂ ಸಭೆ ಇದೆ, ಸೋತರೂ ಇದೆ. ಕೋಚ್ ಓನಿಶಿ ಸರ್ ದುಂಡಗಿನ ಅಕ್ಷರದಲ್ಲಿ ಎಲ್ಲವನ್ನೂ ಬರೆದುಕೊಳ್ಳುತ್ತಾರೆ. ಶಾಲೆಯಲ್ಲಿದ್ದಾಗಿನಿಂದ ನಾವೆಲ್ಲ ಹೀಗೇ ಬೆಳೆದವರು. ನಮಗೆ ಇದು ಹಲ್ಲುಜ್ಜಿದ ಹಾಗೆ.

ಮಾರ್ಚಿನಲ್ಲಿ ಕುರುಮಿ ಬಂದಳು. ಹತ್ತೊಂಬತ್ತು ವರ್ಷ, ಉದ್ದ ಕಾಲು, ಹಿಂದೆ ನಿಂತು ಆಡುವ ಡಿಫೆಂಡರ್. ತಲೆಯಿಂದ ಚೆಂಡು ಹೊಡೆದರೆ ಮೈದಾನದ ಅರ್ಧಕ್ಕೆ ಹೋಗುತ್ತಿತ್ತು. ಆದರೆ ಮೊದಲ ಪಂದ್ಯದಲ್ಲೇ ಗೋಲ್‌ಕೀಪರ್ ಕೊಟ್ಟ ಚೆಂಡನ್ನು ಹಿಂದೆ ಮುಂದೆ ನೋಡದೆ ತೆಗೆದುಕೊಂಡು ಎದುರಾಳಿಯ ಕಾಲಿಗೇ ಒಪ್ಪಿಸಿದಳು. ಗೋಲಾಯಿತು. ಮರುದಿನ ಸಭೆಯಲ್ಲಿ ಅವಳು ಹಿಡಿದಿದ್ದ ಚಹಾದ ಬಟ್ಟಲು ಮೇಜಿಗೆ ತಗುಲಿ ಕಟಕಟ ಎನ್ನುತ್ತಿದ್ದದ್ದು ಕೇಳಲಾಗಲಿಲ್ಲ. ಅವಳು ಏಳುವ ಮೊದಲೇ ನಾನು ಎದ್ದೆ. “ಆ ಗೋಲಿಗೆ ಕಾರಣ ನಾನು. ಚೆಂಡು ತಗೊಳ್ಳೋಕೆ ಅವಳ ಹತ್ತಿರ ಹೋಗಬೇಕಿತ್ತು, ಹೋಗಲಿಲ್ಲ,” ಎಂದೆ. ಓನಿಶಿ ಸರ್ ಬರೆದುಕೊಂಡರು. ಕುರುಮಿ ನನ್ನನ್ನು ದೇವರನ್ನು ನೋಡಿದ ಹಾಗೆ ನೋಡಿದಳು.

ಅಲ್ಲಿಂದ ಶುರುವಾಯಿತು ನೋಡಿ. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತು ಅನ್ನುತ್ತಾರೆ. ಇಲ್ಲಿ ಮೇಕೆಯೇ ಮುಂದೆ ಬಂದು ಒರೆಸಿ ಎಂದು ಬಾಯಿ ಒಡ್ಡಿತು. ಕುರುಮಿಯ ಐದು, ಗೋಲ್‌ಕೀಪರ್ ಸಾಯೊಳ ಎರಡು, ಮಿಕ್ಕವರ ನಾಲ್ಕು, ಎಲ್ಲ ನನ್ನ ಹೆಸರಿಗೆ. ಕ್ಯಾಪ್ಟನ್ ಅಂದಮೇಲೆ ಅಷ್ಟೂ ಮಾಡದಿದ್ದರೆ ಹೇಗೆ ಎಂದುಕೊಂಡೆ. ನಿಜ ಹೇಳಬೇಕೆಂದರೆ ನನಗೆ ಅದರಲ್ಲಿ ಒಂದು ಸುಖವಿತ್ತು. ಎದ್ದು ನಿಂತು ತಲೆ ಬಗ್ಗಿಸಿದಾಗ ಕೋಣೆಯಲ್ಲಿ ಒಂದು ಮೌನ ಬರುತ್ತಿತ್ತಲ್ಲ, ಆ ಮೌನದಲ್ಲಿ ನಾನು ಬಹಳ ದೊಡ್ಡವಳಾಗಿ ಕಾಣುತ್ತಿದ್ದೆ.

ಮೇಡಂ ಕೋಣೆಯಿಂದ ನೇರ ಓನಿಶಿ ಸರ್ ಹತ್ತಿರ ಹೋದೆ. ಅವರು ಮೈದಾನದ ಮೂಲೆಯಲ್ಲಿ ಚೆಂಡುಗಳಿಗೆ ಗಾಳಿ ತುಂಬುತ್ತಿದ್ದರು. ವಿಷಯ ಕೇಳಿ ಪಂಪು ಕೆಳಗಿಟ್ಟರು. ಕ್ಯಾಪ್ಟನ್ ಹೇಳಿದ್ದನ್ನೇ ಬರೆದೆ, ಅದು ಹಾಗಲ್ಲ ಎಂದು ಇಲ್ಲಿ ಎಲ್ಲರಿಗೂ ಗೊತ್ತಲ್ಲ, ಗೊತ್ತಿರುವುದನ್ನು ಯಾರಾದರೂ ಬರೆಯುತ್ತಾರೆಯೇ ಎಂದು ಕೇಳಿದರು. ಬೇಕಾದರೆ ತಾವೇ ಮೇಡಂಗೆ ಹೇಳುವುದಾಗಿ ಅಂದರು. ಆದರೆ ಹೇಳಬೇಕೆಂದರೆ ಆ ಹನ್ನೊಂದು ಗೋಲು ಯಾರ್‍ಯಾರವು ಎಂದೂ ಹೇಳಬೇಕು. ಹುಡುಗಿಯರ ಹೆಸರನ್ನು ಅವರ ಬೆನ್ನ ಹಿಂದೆ ಕೊಟ್ಟು ನನ್ನ ಕರಾರು ಉಳಿಸಿಕೊಳ್ಳುವುದು ನನ್ನಿಂದ ಆಗದ ಮಾತು. ಬೇಡ ಎಂದೆ.

ಮೇಡಂ ತಮ್ಮ ತೀರ್ಮಾನವನ್ನು ಲೀಗಿನ ಕೊನೆಯ ಪಂದ್ಯದ ಮರುದಿನ ಹೇಳುವುದಾಗಿ ತಿಳಿಸಿದ್ದರು. ಇನ್ನೂ ಎರಡು ಪಂದ್ಯಗಳಿದ್ದವು. ನಮ್ಮ ತಂಡ ಪಟ್ಟಿಯಲ್ಲಿ ಎರಡನೆಯದು. ಹಾಗೇ ಉಳಿದರೆ ಮುಂದಿನ ವರ್ಷ ಮೇಲಿನ ದರ್ಜೆಗೆ. ಈ ತಂಡವನ್ನು ಅಲ್ಲಿಗೆ ಹತ್ತಿಸಿ, ಅಲ್ಲಿ ನಾನಿಲ್ಲದೆ ಇವರು ಆಡುವುದನ್ನು ನೋಡುವುದೇ?

ಮರುದಿನ ಬೆಳಗ್ಗೆ ಎಂದಿನಂತೆ ಕಿಕುಎ ಅಜ್ಜಿಯ ಉದೊನ್ ಅಂಗಡಿಗೆ ಹೋದೆ. ಅಜ್ಜಿಗೆ ಎಪ್ಪತ್ತನಾಲ್ಕು. ಆರು ಗಂಟೆಗೆ ಬಾಗಿಲು ತೆಗೆಯುತ್ತಾಳೆ, ಹತ್ತಕ್ಕೆ ಹಿಟ್ಟು ಮುಗಿದರೆ ಮುಚ್ಚುತ್ತಾಳೆ. ನಮ್ಮ ತವರು ಪಂದ್ಯಗಳಲ್ಲಿ ಡೋಲು ಬಾರಿಸುವವಳೂ ಅವಳೇ. ಬಿಸಿ ಬೋಗುಣಿಯ ಎದುರು ಕೂತು ನಡೆದದ್ದನ್ನೆಲ್ಲ ಹೇಳಿಕೊಂಡೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಲ್ಲ ಎಂದು ಅಯ್ಯೋ ಪಾಪ ಅನ್ನುತ್ತಾಳೆ ಎಂದುಕೊಂಡಿದ್ದೆ. ಅಜ್ಜಿ ಸಟ್ಟುಗವನ್ನು ಪಾತ್ರೆಯ ಅಂಚಿಗೆ ಬಡಿದಳು.

“ಬರೆ ಹಾಕಿ ಅಂತ ಬೆನ್ನು ಕೊಟ್ಟೋಳು ನೀನೇ ಅಲ್ವೇನೆ? ಆ ಕುರುಮಿ ಮಾರ್ಚಲ್ಲಿ ಮಾಡಿದ್ದನ್ನೇ ಸೆಪ್ಟೆಂಬರಲ್ಲೂ ಮಾಡಿದ್ಳು. ಡೋಲು ಬಡಿಯೋ ಮುದುಕಿ, ನಂಗೇ ಕಾಣುತ್ತೆ. ಅವಳಿಗ್ಯಾಕೆ ಕಾಣಲ್ಲ? ನೀನು ಕಾಣೋಕೆ ಬಿಟ್ರೆ ತಾನೆ? ಅವಳ ತಪ್ಪನ್ನೂ ಕಿತ್ಕೊಂಡ್ಬಿಟ್ಟಿದೀಯ. ಒಳ್ಳೆಯವಳು ಅನ್ನಿಸ್ಕೊಳ್ಳೋ ಚಟ ಕಣೆ ನಿಂಗೆ.”

ನನಗೆ ಕೋಪ ಬಂತು. ನಿನಗೇನು ಗೊತ್ತು, ಶ್ಯಾವಿಗೆ ಬೇಯಿಸುವವಳಿಗೆ, ಎಂದು ನಾಲಿಗೆಯ ತುದಿವರೆಗೆ ಬಂದದ್ದನ್ನು ಶ್ಯಾವಿಗೆಯ ಜೊತೆಗೇ ನುಂಗಿದೆ. ಅರ್ಧ ಬೋಗುಣಿ ಮುಗಿಯುವಷ್ಟರಲ್ಲಿ ಕೋಪ ಇಳಿಯಿತು. ಐದು ಸಲ. ಒಂದೇ ತಪ್ಪು, ಐದು ಸಲ. ನಾನು ಆಡಿದ ಮೇಲಿನ ದರ್ಜೆಯಲ್ಲಿ ಎರಡನೇ ಸಲಕ್ಕೇ ಅವಳನ್ನು ಬೆಂಚಿನಲ್ಲಿ ಕೂರಿಸುತ್ತಿದ್ದರು. ಹಾಗೆ ಕೂತೇ ಅವಳು ಕಲಿಯುತ್ತಿದ್ದಳು. ಅಜ್ಜಿ ಹೇಳಿದ್ದು ಸರಿ ಎಂದು ಒಪ್ಪಿಕೊಳ್ಳುವುದು ಕಷ್ಟವಾಯಿತು, ಆದರೆ ಒಪ್ಪಿಕೊಂಡೆ. ಬಾಯಿಬಿಟ್ಟು ಹೇಳಲಿಲ್ಲ. ಇನ್ನೊಂದು ಮೀನಿನ ಬಜ್ಜಿ ಹಾಕಿಸಿಕೊಂಡೆ, ಅಜ್ಜಿಗೆ ಅರ್ಥವಾಯಿತು.

ಅಂದೇ ಎರಡು ಗಂಟೆಗೆ ಕಾರ್ಖಾನೆಯ ಗೇಟಿನಲ್ಲಿ ಕುರುಮಿಯನ್ನು ಹಿಡಿದೆ. ತಲೆಗೂದಲಲ್ಲಿ ಹಿಟ್ಟು ಇನ್ನೂ ಇತ್ತು. ಅಭ್ಯಾಸಕ್ಕೆ ಒಂದು ಗಂಟೆ ಮೊದಲೇ ಅವಳನ್ನು ಖಾಲಿ ಮೈದಾನಕ್ಕೆ ಕರೆದುಕೊಂಡು ಹೋದೆ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ.

“ಈ ವರ್ಷದ ಐದು ಗೋಲು ನಿನ್ನಿಂದ ಆಗಿದ್ದು ಕಣೆ ಕುರುಮಿ.”

“ಗೊತ್ತು ಅಕ್ಕ,” ಎಂದಳು.

“ಗೊತ್ತಾ? ಗೊತ್ತಿದ್ದೂ ಒಂದು ದಿನ ಎದ್ದು ಹೇಳಲಿಲ್ವಲ್ಲೇ?”

“ನೀವು ಮೊದಲೇ ಎದ್ದು ನಿಲ್ತಿದ್ರಿ. ತಪ್ಪು ತಮ್ಮದು ಅಂತ ಕ್ಯಾಪ್ಟನ್ನೇ ಹೇಳಿದ ಮೇಲೆ ಅಲ್ಲ ಅಂತ ನಾನು ಹೇಗೆ ಹೇಳ್ಲಿ? ಹಿರಿಯರಿಗೆ ಎದುರು ಮಾತಾಡಿದ ಹಾಗಾಗಲ್ವಾ?” ನೆಲ ನೋಡುತ್ತಾ ಹೇಳಿದಳು: “ಪ್ರತಿ ಸೋಮವಾರ ಸಭೆ ಮುಗಿದ ಮೇಲೆ ಬಾತ್ರೂಮಲ್ಲಿ ನಿಂತು ಅಳ್ತಿದ್ದೆ ಅಕ್ಕ. ತಪ್ಪು ಒಪ್ಕೊಳ್ಳೋಕೂ ಯೋಗ್ಯತೆ ಇಲ್ಲದವಳು ಅಂತ ನಿಮಗೆ ಅನ್ನಿಸಿರಬೇಕು ಅಂದ್ಕೊಂಡೆ.”

ಅವಳನ್ನು ಕಾಪಾಡುತ್ತಿದ್ದೇನೆ ಎಂದು ನಾನು ಎದೆಯುಬ್ಬಿಸಿದ ದಿನಗಳಲ್ಲೆಲ್ಲ ಅವಳು ಅಳುತ್ತಿದ್ದಳು. ನನಗೆ ನಾಚಿಕೆಯಾಯಿತು. ನಾಚಿಕೆಯಾದಾಗ ನಾನು ಮಾಡುವುದು ಒಂದೇ ಕೆಲಸ, ಆಟ. ಚೆಂಡು ತೆಗೆದುಕೊಂಡು ಇಪ್ಪತ್ತು ಹೆಜ್ಜೆ ದೂರ ಹೋಗಿ ನಿಂತೆ.

ಅವಳ ರೋಗ ಸಣ್ಣದು. ಚೆಂಡು ಬರುವಾಗ ಚೆಂಡನ್ನೇ ನೋಡುತ್ತಾಳೆ, ಮೈಯನ್ನು ಪೂರ್ತಿ ಅದರ ಕಡೆಗೆ ತಿರುಗಿಸಿ ನಿಲ್ಲುತ್ತಾಳೆ. ಬೆನ್ನ ಹಿಂದೆ ಯಾರು ಓಡಿಬರುತ್ತಿದ್ದಾರೆ ಎಂದು ಅವಳಿಗೆ ಗೊತ್ತಾಗುವುದು ಚೆಂಡು ಹೋದ ಮೇಲೆ. ಕೆಲಸ ಮುಗಿಸಿ ಬಂದ ಸಾಯೊಳನ್ನೂ ಸೇರಿಸಿಕೊಂಡು ನಾನು ಚೆಂಡು ಒದ್ದೆ. ಅದು ತಲುಪುವ ಮೊದಲು ಅವಳ ಬೆನ್ನ ಹಿಂದೆ ಸಾಯೊ ಎಷ್ಟು ಬೆರಳು ಎತ್ತಿದ್ದಾಳೆ ಎಂದು ಅವಳು ಕೂಗಿ ಹೇಳಬೇಕು. ಮೊದಲ ದಿನ ಹತ್ತರಲ್ಲಿ ಎಂಟು ತಪ್ಪು. ಬೈದೆ. ಬಾಯಿ ತುಂಬ ಬೈದೆ, ಅಮ್ಮ ನನ್ನನ್ನು ಗೋಡೆಯ ಹತ್ತಿರ ನಿಲ್ಲಿಸಿ ಬೈದದ್ದಕ್ಕಿಂತ ಜೋರಾಗಿ. ವಿಚಿತ್ರವೆಂದರೆ ಕುರುಮಿಯ ಮುಖ ಅರಳುತ್ತಾ ಹೋಯಿತು. ಎರಡನೇ ವಾರಕ್ಕೆ ಹತ್ತರಲ್ಲಿ ಒಂಬತ್ತು ಸರಿ ಹೇಳುತ್ತಿದ್ದಳು. ಆ ನಡುವೆ ಒಂದು ಪಂದ್ಯ ಎರಡು ಸೊನ್ನೆಯಿಂದ ಗೆದ್ದೆವು.

ಕಿಕುಎ ಅಜ್ಜಿಯ ಕಿವಿಗೆ ಬಿದ್ದದ್ದು ಊರಿಗೇ ಬಿದ್ದ ಹಾಗೆ. ಕೊನೆಯ ಪಂದ್ಯದ ಹೊತ್ತಿಗೆ ನನ್ನ ಕರಾರಿನ ವಿಷಯ ಎಲ್ಲ ಹುಡುಗಿಯರಿಗೂ ಗೊತ್ತಾಗಿತ್ತು. ಯಾರೂ ನನ್ನ ಹತ್ತಿರ ಆ ಮಾತು ಎತ್ತಲಿಲ್ಲ. ಅಭ್ಯಾಸದ ನಂತರ ನನ್ನ ಬೂಟಿನ ಮಣ್ಣು ತೆಗೆದಿಡುವುದು, ನನ್ನ ನೀರಿನ ಬಾಟಲಿ ತುಂಬಿಡುವುದು, ಇಂಥವು ಹೆಚ್ಚಾದವು. ನಾನು ಸತ್ತುಹೋದೆ ಎಂದುಕೊಂಡಿದ್ದೀರಾ ಎಂದು ಒಂದು ದಿನ ಗದರಿಸಿದೆ. ಬಾಟಲಿ ಮಾತ್ರ ಮರುದಿನವೂ ತುಂಬಿತ್ತು.

ಕೊನೆಯ ಪಂದ್ಯ ನಮ್ಮ ಮೈದಾನದಲ್ಲಿ. ಸಮವಾದರೂ ಸಾಕು, ಮೇಲಿನ ದರ್ಜೆಗೆ ಹೋಗುತ್ತೇವೆ. ತೊಗಾವಾ ಮೇಡಂ ಗ್ಯಾಲರಿಯ ಮೂರನೇ ಸಾಲಿನಲ್ಲಿ ಕೂತಿದ್ದರು. ಎಲ್ಲಿ ಕೂತಿದ್ದಾರೆ ಎಂದು ನಾನು ನೋಡಬಾರದಿತ್ತು, ನೋಡಿದೆ.

ಮೊದಲ ಅರ್ಧ ನಾನು ಆಡಿದ್ದನ್ನು ನಾನೇ ಹೇಳಿದರೆ ಜಂಭ ಅನ್ನಿಸಬಹುದು, ಅನ್ನಿಸಲಿ. ಎದುರಾಳಿಗಳ ನಡುವಿನ ಇಬ್ಬರನ್ನೂ ಬೇಕಾದ ಕಡೆಗೆ ಎಳೆದೆ, ಬೇಡವಾದಾಗ ಬಿಟ್ಟೆ. ಅವರ ಕೋಚ್ ಅರ್ಧ ಗಂಟೆಯೊಳಗೆ ಒಬ್ಬಳನ್ನು ಬದಲಾಯಿಸಬೇಕಾಯಿತು. ಕುರುಮಿ ಒಂದು ಚೆಂಡೂ ಕಳೆದುಕೊಳ್ಳಲಿಲ್ಲ. ವಿರಾಮದವರೆಗೆ ಸೊನ್ನೆ ಸೊನ್ನೆ.

ಎಪ್ಪತ್ತೊಂದನೇ ನಿಮಿಷ. ಚೆಂಡು ನಡುಮೈದಾನದಲ್ಲಿ ನನ್ನ ಕಾಲಿಗೆ ಬಂತು. ಎರಡು ಸಲ ಹಿಂದೆ ನೋಡಿದ್ದೆ, ಇಬ್ಬರು ಬರುತ್ತಿದ್ದರು, ಎಡಕ್ಕೆ ಕುರುಮಿ ಖಾಲಿ ನಿಂತಿದ್ದಳು. ಚಿಕ್ಕ ಪಾಸ್ ಕೊಟ್ಟಿದ್ದರೆ ಮುಗಿದುಹೋಗುತ್ತಿತ್ತು, ಹತ್ತು ವರ್ಷದ ಹುಡುಗಿಯೂ ಅದನ್ನೇ ಕೊಡುತ್ತಿದ್ದಳು. ಆದರೆ ಆ ಇಬ್ಬರ ನಡುವೆ ತಿರುಗಿ ದಾಟಿದರೆ ಮೂರನೇ ಸಾಲಿನಲ್ಲಿ ಕೂತವರಿಗೆ ಗೊತ್ತಾಗುತ್ತದೆ, ಇಸೊಬೆ ಎಂದರೆ ಯಾರು ಎಂದು. ಆ ಚಪಲಕ್ಕೆ ತಿರುಗಿದೆ. ಒಬ್ಬಳನ್ನು ದಾಟಿದೆ. ಎರಡನೆಯವಳು ಚೆಂಡನ್ನು ನನ್ನ ಕಾಲಿನಿಂದ ಕಿತ್ತುಕೊಂಡು ಮೂವತ್ತು ಹೆಜ್ಜೆ ಓಡಿದಳು. ಸಾಯೊ ಹಾರಿದಳು, ಕೈಗೆ ಸಿಗಲಿಲ್ಲ. ಅಜ್ಜಿಯ ಡೋಲು ನಿಂತಿತು.

ಮೈಯೆಲ್ಲ ಬೆಂಕಿ ಬಿದ್ದ ಹಾಗಾಯಿತು. ಆದರೆ ಚೆಂಡನ್ನು ನಡುವಿಗೆ ತಂದಿಟ್ಟವಳು ನಾನೇ. ಇನ್ನೂ ಹತ್ತೊಂಬತ್ತು ನಿಮಿಷವಿತ್ತು. ಅಳುವವರು ಮನೆಗೆ ಹೋಗಿ ಅಳಲಿ ಎಂದು ಹುಡುಗಿಯರಿಗೆ ಕೂಗಿ ಹೇಳಿದೆ. ಅಷ್ಟು ಹೊತ್ತು ಗ್ಯಾಲರಿ ಎಂಬುದೊಂದು ಇದೆ ಎನ್ನುವುದೇ ಮರೆತುಹೋಯಿತು. ಬಂದ ಚೆಂಡನ್ನು ಕೊಡಬೇಕಾದ ಕಡೆಗೆ ಕೊಟ್ಟೆ, ಮತ್ತೆ ಓಡಿದೆ, ಮತ್ತೆ ಕೇಳಿದೆ, ಮತ್ತೆ ಕೊಟ್ಟೆ.

ಎಂಬತ್ತನಾಲ್ಕರಲ್ಲಿ ಸಾಯೊ ಚೆಂಡನ್ನು ಕುರುಮಿಗೆ ಉರುಳಿಸಿದಳು. ಎದುರಾಳಿ ಹುಡುಗಿ ಕುರುಮಿಯ ಎಡಬೆನ್ನಿಗೆ ಬಾಣದಂತೆ ಬಂದಳು. ಮಾರ್ಚಿನ ಗೋಲೂ ಹೀಗೇ ಆಗಿತ್ತು. ನಾನು ಕೂಗಲಿಲ್ಲ. ಕುರುಮಿ ಎಡಹೆಗಲ ಮೇಲಿಂದ ಒಮ್ಮೆ ನೋಡಿದಳು. ಚೆಂಡನ್ನು ಮುಟ್ಟದೆ ತನ್ನ ಮುಂದಿನಿಂದ ಹಾಯಲು ಬಿಟ್ಟು ಬಲಕ್ಕೆ ತಿರುಗಿದಳು. ಓಡಿಬಂದವಳು ತನ್ನ ವೇಗಕ್ಕೇ ಸಿಕ್ಕಿ ಪಕ್ಕದಿಂದ ಜಾರಿಹೋದಳು. ಕುರುಮಿಯ ಪಾಸ್ ನೇರ ನನ್ನ ಬಲಗಾಲಿಗೆ. ನಮ್ಮ ಒಂಬತ್ತನೇ ನಂಬರಿನ ಹುಡುಗಿ ಯಾವ ಕಡೆ ಓಡುತ್ತಾಳೆ ಎಂದು ನನಗೆ ಆಗಲೇ ಗೊತ್ತಿತ್ತು. ಒಂದೇ ಒದೆತದಲ್ಲಿ ಕಳಿಸಿದೆ. ಗೋಲು.

ಒಂದು ಒಂದು. ಸೀಟಿ ಊದಿದಾಗ ಕುರುಮಿ ನನ್ನ ಮೇಲೆ ಬಿದ್ದು ಅತ್ತಳು. ಎಲ್ಲರೂ ಸಾಲಾಗಿ ನಿಂತು ಗ್ಯಾಲರಿಗೆ ಬಗ್ಗಿ ವಂದಿಸಿದೆವು. ಡೋಲು ಹರಿದುಹೋಗುವ ಹಾಗೆ ಅಜ್ಜಿ ಬಾರಿಸಿದಳು.

ಮರುದಿನ ನಾಲ್ಕು ಗಂಟೆಗೆ ಸಭೆ. ಮೇಲಿನ ದರ್ಜೆಗೆ ಹೋದ ಖುಷಿಗೆ ಕಾರ್ಖಾನೆಯವರು ಕೇಕು ತರಿಸಿದ್ದರು, ಆದರೆ ಸಭೆ ಮುಗಿಯುವವರೆಗೆ ಯಾರೂ ಮುಟ್ಟುವ ಹಾಗಿಲ್ಲ. ತೊಗಾವಾ ಮೇಡಂ ಓನಿಶಿ ಸರ್ ಪಕ್ಕದಲ್ಲಿ ಆ ಪುಸ್ತಕ ಹಿಡಿದು ಕೂತಿದ್ದರು. ಇವತ್ತು ತಾವೇ ಬರೆದುಕೊಳ್ಳುವುದಾಗಿ ಹೇಳಿದರು. ನನ್ನ ಕರಾರಿನ ತೀರ್ಮಾನದ ದಿನ.

ಓನಿಶಿ ಸರ್ ಎಪ್ಪತ್ತೊಂದನೇ ನಿಮಿಷದ ಗೋಲು ಎಂದರು.

ನಾನು ಕುರ್ಚಿ ಹಿಂದಕ್ಕೆ ತಳ್ಳುವಷ್ಟರಲ್ಲಿ ಕುರುಮಿ ಎದ್ದಾಗಿತ್ತು. ತಾನು ಇಸೊಬೆ ಅಕ್ಕನಿಗೆ ಇನ್ನೂ ಹತ್ತಿರ ಹೋಗಬೇಕಿತ್ತು, ತಪ್ಪು ತನ್ನದು ಎಂದಳು. ಅವಳ ಹಿಂದೆಯೇ ಸಾಯೊ ಎದ್ದಳು, ತಾನು ಮುಂದೆ ಬಂದು ನಿಲ್ಲಬೇಕಿತ್ತಂತೆ. ಆಮೇಲೆ ಒಂಬತ್ತನೇ ನಂಬರಿನವಳು. ಪಾಪ, ಆ ಹೊತ್ತಿಗೆ ಅವಳು ಅರವತ್ತು ಹೆಜ್ಜೆ ಆಚೆ ಇದ್ದವಳು, ಅವಳಿಗೂ ಎಂಥದೋ ತಪ್ಪು ಸಿಕ್ಕಿತ್ತು. ನನ್ನ ಕರಾರಿಗಾಗಿ ಮೂವರು ಸಾಲಾಗಿ ತಲೆ ಬಗ್ಗಿಸಿ ನಿಂತಿದ್ದರು. ನನಗೆ ಅಳು ಬಂತು. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು, ಏಕೆಂದರೆ ಇದನ್ನು ಅವರಿಗೆ ಕಲಿಸಿದವಳು ನಾನೇ.

“ಕೂತ್ಕೊಳ್ಳಿ ಮೂವರೂ,” ಎಂದೆ. “ಆ ಗೋಲು ನನ್ನದು. ಕುರುಮಿ ಖಾಲಿ ಇದ್ಳು, ನೋಡಿದ್ದೆ, ಆದ್ರೂ ಕೊಡಲಿಲ್ಲ. ಮೇಡಂ ನೋಡ್ಲಿ ಅಂತ ತಿರುಗಿದೆ, ಚೆಂಡು ಹೋಯ್ತು. ಈ ವರ್ಷ ನನ್ನಿಂದ ಆದ ಗೋಲು ನಾಲ್ಕು. ಬರ್ಕೊಳ್ಳಿ ಮೇಡಂ. ಮಿಕ್ಕ ಹನ್ನೊಂದು ನನ್ನವಲ್ಲ. ಯಾರವು ಅಂತ ನಾನು ಹೇಳಲ್ಲ. ಆದ್ರೆ ನನ್ನವಲ್ಲ.”

ಆ ಕೋಣೆಯಲ್ಲಿ ಯಾರೂ ಯಾವತ್ತೂ ನನ್ನದಲ್ಲ ಎಂಬ ಮಾತು ಆಡಿರಲಿಲ್ಲ. ಓನಿಶಿ ಸರ್ ಕನ್ನಡಕ ತೆಗೆದು ಒರೆಸತೊಡಗಿದರು. ಕುರುಮಿ ಮತ್ತೆ ಎದ್ದಳು. ಐದು ನನ್ನವು ಎಂದು ಒಂದೊಂದರ ದಿನ, ನಿಮಿಷ ಎಲ್ಲ ಹೇಳಿದಳು, ಎಲ್ಲವನ್ನೂ ನೆನಪಿಟ್ಟುಕೊಂಡಿದ್ದಳು. ಸಾಯೊ ಎರಡು ಎಂದಳು. ಮೂಲೆಯಿಂದ ಒಬ್ಬಳು ಎರಡು ಎಂದಳು, ಇನ್ನಿಬ್ಬರು ಒಂದೊಂದು. ಮೇಡಂ ಪುಸ್ತಕದ ಹಿಂದಿನ ಹಾಳೆಗಳಿಗೆ ಹೋಗಿ ನನ್ನ ಹೆಸರನ್ನು ಹನ್ನೊಂದು ಕಡೆ ಹೊಡೆದುಹಾಕಿದರು. ಅವಸರ ಮಾಡಲಿಲ್ಲ. ಮುಗಿದ ಮೇಲೆ ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು.

“ಕರಾರು ಮುಂದುವರಿಯುತ್ತೆ. ನಿನ್ನೆ ಆಡಿದ ಹಾಗೆ ಆಡೋರು ಮೇಲಿನ ದರ್ಜೆಗೆ ಬೇಕು ಅಂತ ನಾನೇ ಮಂಡಳಿಗೆ ಹೇಳ್ತೀನಿ,” ಎಂದರು. ನಾನು ಉಸಿರು ಬಿಡುವ ಮೊದಲೇ ಮುಂದಿನ ಮಾತು ಬಂತು. “ಕ್ಯಾಪ್ಟನ್ ತೋಳುಪಟ್ಟಿ ಮಾತ್ರ ಸಾಯೊಗೆ. ಐದು ಗೋಲು ಆಗೋ ತನಕ ಒಂದು ಹುಡುಗಿಗೆ ಅವಳ ತಪ್ಪು ತೋರಿಸದೇ ಇದ್ದವರು ಕ್ಯಾಪ್ಟನ್ ಆಗಿರಬಾರದು. ಇದು ನಿಮಗೆ ಅನ್ಯಾಯ ಅನ್ನಿಸಿದ್ರೆ ಈಗಲೇ ಹೇಳಿ.”

ನಾಲ್ಕು ವರ್ಷ ತೋಳಿನ ಮೇಲಿದ್ದ ಪಟ್ಟಿ. ಚುರುಕ್ಕೆಂದಿತು. ಅನ್ಯಾಯ ಎನ್ನಲು ಬಾಯಿ ತೆರೆದೆ, ಅನ್ಯಾಯ ಎಲ್ಲಿದೆ ಎಂದು ಹುಡುಕಿದೆ, ಸಿಗಲಿಲ್ಲ. ಅಷ್ಟರಲ್ಲಿ ಎದುರಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ಕುರುಮಿ ಮೂರನೇ ಸಲ ಎದ್ದು ನಿಂತಿದ್ದಳು, ಕಣ್ಣು ತುಂಬಿತ್ತು.

“ಮೇಡಂ, ಅದು ನನ್ನಿಂದ ಆಗಿದ್ದು, ಅಕ್ಕನ ಪಟ್ಟಿ ತೆಗೀಬೇಡಿ...”

“ಕೂತ್ಕೊಳ್ಳೇ ಕುರುಮಿ,” ಎಂದೆ. “ನಿನ್ನ ಐದು ನಿಂಗಾಯ್ತಲ್ಲ. ಇದು ನನ್ನದು, ಮುಟ್ಟಬೇಡ.”

ಅವಳು ಕ್ಷಣ ಹೊತ್ತು ನನ್ನ ಮುಖ ನೋಡಿದಳು. ಆಮೇಲೆ ಕೂತಳು. ಮೇಡಂ ಪೆನ್ನು ಎತ್ತಿಕೊಂಡು, ನನ್ನ ನಾಲ್ಕು ಗೋಲುಗಳ ಕೆಳಗೆ, ಐದನೆಯ ತಪ್ಪನ್ನು ನನ್ನ ಹೆಸರಿಗೆ ಬರೆದುಕೊಂಡರು.